ಜಿಪ್ಸಿ ವೈರಿಂಗ್: ಫೈರ್‌ವಾಲ್ ಹತ್ತಿರ ಜಾಗ ಇಲ್ಲ, ಯಾವ ಸಣ್ಣ ಕಪ್ಲರ್ ಹಾಕಲಿ?

ಬಳ್ಳಾರಿ_ಜಿಪ್ಸಿ

ಎಲ್ಲರಿಗೂ ನಮಸ್ಕಾರ. ಹಳೇ ಮಾರುತಿ ಜಿಪ್ಸಿ ಒಂದನ್ನ ಬಿಚ್ಚಿ ಹಾಕಿಕೊಂಡು ಕೂತಿದ್ದೇನೆ. ಒರಿಜಿನಲ್ ವೈರಿಂಗ್‌ನಲ್ಲಿ ಅರ್ಧ ಇಲಿ ತಿಂದಿದೆ, ಇನ್ನರ್ಧಕ್ಕೆ ಯಾರೋ ಟೇಪ್ ಸುತ್ತಿ ಸುತ್ತಿ ಹಗ್ಗ ಮಾಡಿಟ್ಟಿದ್ದಾರೆ. ಅದಕ್ಕೇ ಪೂರ್ತಿ ಹೊಸದಾಗಿ ಕಟ್ಟುತ್ತಿದ್ದೇನೆ.

ಎಂಜಿನ್ ಕಡೆಯಿಂದ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ದಾಟಿ ಡ್ಯಾಶ್‌ಬೋರ್ಡ್ ಕಡೆಗೆ 22 ವೈರ್ ಬರಬೇಕು. ಹೆಡ್‌ಲೈಟ್, ಹಾರ್ನ್, ಹೊಸದಾಗಿ ಹಾಕುವ ಎಲೆಕ್ಟ್ರಿಕ್ ಫ್ಯಾನ್, ಟೆಂಪರೇಚರ್ ಸೆನ್ಸರ್, ಆಯಿಲ್ ಪ್ರೆಶರ್ ಎಲ್ಲ ಸೇರಿ. ನಾಳೆ ಡ್ಯಾಶ್ ಇಳಿಸಬೇಕಾದರೆ ವೈರ್ ಕತ್ತರಿಸೋ ಹಾಗಾಗಬಾರದು, ಕಪ್ಲರ್ ಬಿಚ್ಚಿದರೆ ಮುಗೀಬೇಕು. ಡಾಯ್ಚ್ ಬ್ರಾಂಡಿನ ಡಿಟಿ ಅನ್ನೋ ಸೀಲ್ ಇರೋ ಕಪ್ಲರ್, 12 ಪಿನ್ನಿನದು ಎರಡು ಅಂದುಕೊಂಡಿದ್ದೆ, ಬ್ರೇಕ್ ಬೂಸ್ಟರ್ ಪಕ್ಕ ಎರಡು ಕೂರಲ್ಲ. ಗಾಡಿ ಸಂಡೂರು ಕಡೆ ಗಣಿ ರಸ್ತೆಯಲ್ಲಿ ಓಡಾಡುತ್ತೆ, ಕೆಂಪು ಧೂಳು ಬಿಡದೆ ನುಗ್ಗುತ್ತೆ. ಸಣ್ಣದೂ ಇರಬೇಕು, ಸೀಲೂ ಇರಬೇಕು. ಏನು ಹಾಕಲಿ?

ಗಂಗಾವತಿ_ಆಟೋ_ಎಲೆಕ್ಟ್ರಿಕಲ್

ಅಣ್ಣ, ಕಪ್ಲರ್ ಆಮೇಲೆ ನೋಡೋಣ. ಮೊದಲು ಹೇಳಿ, ಹೆಡ್‌ಲೈಟ್ ಕರೆಂಟು ಡ್ಯಾಶ್‌ವರೆಗೆ ಯಾಕೆ ಬರಬೇಕು? ಎಚ್4 ಬಲ್ಬು ಹೈ ಬೀಮ್‌ನಲ್ಲಿ 60 ವ್ಯಾಟ್, ಎರಡಕ್ಕೆ 120, ಅಂದರೆ ಸುಮಾರು 10 ಆಂಪ್. ಅದನ್ನ ಸ್ವಿಚ್‌ವರೆಗೆ ಎಳೆದು ವಾಪಸ್ ಮುಂದಕ್ಕೆ ಕಳಿಸಿದರೆ ದಪ್ಪ ವೈರು, ದಪ್ಪ ಪಿನ್ನು, ದಪ್ಪ ಕಪ್ಲರ್ ಎಲ್ಲ ಬೇಕೇ ಬೇಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್) ಮತ್ತು ಫ್ಯೂಸ್ ಬಾಕ್ಸ್ ಬ್ಯಾಟರಿ ಪಕ್ಕ ಕೂರಿಸಿ. ಆಗ ಫೈರ್‌ವಾಲ್ ದಾಟೋದು ರಿಲೇ ಕಾಯಿಲ್‌ನ ಕರೆಂಟು ಮಾತ್ರ, 150–200 ಮಿಲಿಆಂಪ್ ಅಷ್ಟೇ. ಫ್ಯಾನ್‌ಗೂ ಹಾರ್ನ್‌ಗೂ ಇದೇ ಲೆಕ್ಕ.

ಹೀಗೆ ಮಾಡಿದರೆ ಡಿಟಿ ಬಿಟ್ಟು ಅದೇ ಬ್ರಾಂಡಿನ ಚಿಕ್ಕ ಕಪ್ಲರ್ ಡಿಟಿಎಂಗೆ ಇಳಿಯಬಹುದು. ಡಿಟಿ ಪಿನ್ 13 ಆಂಪ್, ಡಿಟಿಎಂ ಪಿನ್ 7.5 ಆಂಪ್, ನಿಮ್ಮ ಸಿಗ್ನಲ್‌ಗಳಿಗೆ ಅದೇ ಜಾಸ್ತಿ ಆಯ್ತು. ಅದರಲ್ಲೂ 12 ಪಿನ್ ಇದೆ, ಎರಡು ಹಾಕಿದರೂ ಜಾಗ ತುಂಬಾ ಉಳಿಯುತ್ತೆ. ಕ್ಯಾಬಿನ್ ಒಳಗೆ ಬೇಕಾದ ಮೇನ್ ಸಪ್ಲೈ ಮಾತ್ರ ಒಂದು ದಪ್ಪ ವೈರಲ್ಲಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ, ಬೇರೆ ಗ್ರಾಮೆಟ್‌ನಲ್ಲಿ (ತಗಡಿನ ತೂತಿಗೆ ಹಾಕೋ ರಬ್ಬರ್ ಬಳೆ) ತನ್ನಿ. ಅದನ್ನ ಈ ಕಪ್ಲರ್‌ಗೆ ತುರುಕಬೇಡಿ.

ರಾಯಚೂರು_ಸ್ಪಾನರ್

ಮೇಲಿನವರ ಮಾತು ಸರಿ. ನಾನು ಹೇಳೋದು ಸೀಲ್ ಬಗ್ಗೆ, ಇದನ್ನ ಯಾರೂ ನೋಡಲ್ಲ. ಕಪ್ಲರ್ ಹಿಂದೆ ರಬ್ಬರ್ ಇರುತ್ತಲ್ಲ, ಅದು ವೈರಿನ ಮೈಯನ್ನ ಬಿಗಿಯಾಗಿ ಹಿಡಿದರೆ ಮಾತ್ರ ಸೀಲ್. ಮಾಮೂಲಿ ಡಿಟಿಗೆ ವೈರಿನ ಹೊರ ದಪ್ಪ ಸುಮಾರು 2.2 ಮಿ.ಮೀ.ನಿಂದ 3.7 ಮಿ.ಮೀ. ಒಳಗಿರಬೇಕು. ತೆಳು ಇನ್ಸುಲೇಷನ್‌ನ 0.5 ಸ್ಕ್ವೇರ್ (ಚದರ ಮಿ.ಮೀ.) ವೈರು ಒಂದೂವರೆ ಮಿ.ಮೀ. ಆಸುಪಾಸು ಬರುತ್ತೆ. ಹಾಕಿ ನೋಡಿ, ರಬ್ಬರ್ ತೂತಲ್ಲಿ ವೈರು ಸುಮ್ನೆ ಅಲ್ಲಾಡುತ್ತೆ, ಸುತ್ತ ಬೆಳಕು ಕಾಣುತ್ತೆ. ಅಲ್ಲಿಂದಲೇ ನೀರು. ಡಿಟಿಎಂ ಸೀಲ್ 1.35 ಮಿ.ಮೀ.ನಿಂದ ಹಿಡಿಯುತ್ತೆ, ಹಾಗಾಗಿ ತೆಳು ವೈರಿಗೆ ಅದೇ ಸರಿ. ವೈರ್ ತಗೊಳ್ಳುವಾಗ ದಪ್ಪ ಅಳೆಯೋಕೆ ಒಂದು ವರ್ನಿಯರ್ ಜೇಬಲ್ಲಿರಲಿ.

ಇನ್ನೊಂದು, ಐಪಿ67 ಅಂತ ಬರೆದಿದ್ದರೆ ನೀರಲ್ಲಿ ಮುಳುಗಿದರೆ ತಡೆಯುತ್ತೆ ಅಂತ ಅರ್ಥ, ವಾಟರ್ ಸರ್ವಿಸ್ ಅಂಗಡಿಯ ಹುಡುಗ ಹತ್ತಿರದಿಂದ ಪ್ರೆಶರ್ ಗನ್ ಹಿಡಿದರೆ ತಡೆಯುತ್ತೆ ಅಂತ ಅಲ್ಲ. ಅದರ ಟೆಸ್ಟೇ ಬೇರೆ.

ಬಳ್ಳಾರಿ_ಜಿಪ್ಸಿ

ರಿಲೇ ವಿಷಯ ತಲೆಗೆ ಹೋಯ್ತು, ಥ್ಯಾಂಕ್ಸ್ ಅಣ್ಣ. ಆದರೆ ಡಿಟಿಎಂ ರೇಟು, ವೈರಿಗೆ ಅದರ ಪಿನ್ ಒತ್ತೋ ಕ್ರಿಂಪಿಂಗ್ ಟೂಲ್ ರೇಟು ನೋಡಿದರೆ ಗಾಡಿಗಿಂತ ಅದೇ ಜಾಸ್ತಿ ಆಗೋ ಹಾಗಿದೆ. ಬೈಕುಗಳಲ್ಲಿ ಬರೋ ಸೂಪರ್‌ಸೀಲ್ ಹಾಕಬಹುದಾ? ಇಲ್ಲಾಂದ್ರೆ ಕಪ್ಲರನ್ನೇ ಡ್ಯಾಶ್ ಒಳಗೆ ತಂದುಬಿಟ್ಟು, ಸೀಲ್ ಇಲ್ಲದ ಚಿಕ್ಕದು ಹಾಕಿದರೆ?

ಗಂಗಾವತಿ_ಆಟೋ_ಎಲೆಕ್ಟ್ರಿಕಲ್

ಸೂಪರ್‌ಸೀಲ್ 1.5 ಒಳ್ಳೆಯದೇ, ಪಿನ್ 14 ಆಂಪ್, ಬೆಲೆ ಕಮ್ಮಿ. ಆದರೆ 6 ಪಿನ್‌ಗಿಂತ ದೊಡ್ಡದು ಬರಲ್ಲ. 22 ವೈರಿಗೆ ನಾಲ್ಕು ಕಪ್ಲರ್ ಆಗುತ್ತೆ, ಮತ್ತೆ ಜಾಗದ ಜಗಳಕ್ಕೇ ಬಂದಿರಿ. ಒಂದೊಂದು ಲೈಟಿಗೆ, ಹಾರ್ನ್‌ಗೆ, ಫ್ಯಾನ್‌ಗೆ ಅಲ್ಲಲ್ಲೇ ಸೂಪರ್‌ಸೀಲ್ ಹಾಕಿ, ಫೈರ್‌ವಾಲ್‌ಗೆ ಮಾತ್ರ ಡಿಟಿಎಂ ಇಟ್ಟುಕೊಳ್ಳಿ.

ಟೂಲ್ ವಿಷಯಕ್ಕೆ ಬಂದರೆ, ಕಡೆದು ಮಾಡಿದ ಗಟ್ಟಿ ಪಿನ್ನಿಗೆ ನಾಲ್ಕು ಕಡೆಯಿಂದ ಒತ್ತುವ ಟೂಲೇ ಬೇಕು. ಅದೇ ಡಿಟಿಎಂಗೆ ತಗಡು ಮಡಿಚಿದ ಪಿನ್ನೂ ಸಿಗುತ್ತೆ, ಅದಕ್ಕೆ ಓಪನ್ ಬ್ಯಾರೆಲ್ ಟೂಲ್ ಸಾಕು, ಅದು ಅಗ್ಗ. ಮುಂದಿನ ಎರಡು ರೆಕ್ಕೆ ತಾಮ್ರದ ಎಳೆ ಹಿಡೀಬೇಕು, ಹಿಂದಿನ ಎರಡು ಇನ್ಸುಲೇಷನ್ ಹಿಡೀಬೇಕು. ಪ್ಲೈಯರ್‌ನಲ್ಲಿ ಒತ್ತಿ ಮೇಲೆ ಸೋಲ್ಡರ್ ಸುರಿಯೋ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬೇಡ. ಸೋಲ್ಡರ್ ಎಳೆಗಳ ಒಳಗೆ ಹತ್ತಿ ವೈರು ಕಡ್ಡಿಯಾಗುತ್ತೆ, ಗಣಿ ರಸ್ತೆಯ ಕುಲುಕಾಟಕ್ಕೆ ಸೋಲ್ಡರ್ ನಿಂತ ಜಾಗದಲ್ಲೇ ವೈರು ತುಂಡಾಗುತ್ತೆ.

ರಾಯಚೂರು_ಸ್ಪಾನರ್

ಒಳಗೆ ತರೋ ಐಡಿಯಾ ಮುಚ್ಚಿದ ಕಾರಿಗಾದರೆ ನಾನೇ ಹೇಳ್ತಿದ್ದೆ. ವೈರನ್ನ ಗ್ರಾಮೆಟ್‌ನಲ್ಲಿ ದಾಟಿಸಿ ಒಳಗೆ ಸೀಲ್ ಇಲ್ಲದ್ದು ಹಾಕೋದು ಕಂಪನಿಗಳೂ ಮಾಡ್ತವೆ. ಆದರೆ ನಿಮ್ಮದು ಸಾಫ್ಟ್ ಟಾಪ್ ಅಲ್ವಾ? ಜಿಪ್ಸಿ ಒಳಗೆ ಹೊರಗೆ ಎರಡೂ ಒಂದೇ ರೀ, ಮಳೆ ಬಂದರೆ ಕಾಲ ಬುಡದಲ್ಲೇ ನೀರು. ಜಾಗ ಒಳಗೇ ಇರಲಿ, ಕಪ್ಲರ್ ಸೀಲ್ ಇರೋದೇ ಇರಲಿ. ಪಿನ್‌ಗಳ ಲೇಪನ ಎರಡೂ ಕಡೆ ಒಂದೇ ಇರಬೇಕು, ಒಂದು ಕಡೆ ಚಿನ್ನ ಇನ್ನೊಂದು ಕಡೆ ತವರ ಆದರೆ ಅಲುಗಾಡಿ ಅಲುಗಾಡಿ ಕಾಂಟ್ಯಾಕ್ಟ್ ಕೆಡುತ್ತೆ, ಸೆನ್ಸರ್ ವೈರಲ್ಲಿ ಮೊದಲು ಗೊತ್ತಾಗುತ್ತೆ.

ಪಿನ್ ಕ್ಲಿಕ್ ಅಂದ ಮೇಲೆ ವೈರನ್ನ ಒಂದ್ಸಲ ಮೆಲ್ಲಗೆ ಎಳೆದು ನೋಡಿ, ಆಮೇಲೆ ಪಿನ್‌ಗಳನ್ನ ಹಿಡಿದಿಡೋ ವೆಜ್ ಲಾಕ್ ಒತ್ತಿ. ಲಾಕ್ ಕೂರ್ತಿಲ್ಲ ಅಂದರೆ ಯಾವುದೋ ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಸುತ್ತಿಗೆ ತಗೋಬೇಡಿ. 12 ಪಿನ್ನಿನ ಎರಡು ಕಪ್ಲರ್ ಸೇರಿ 24ರಲ್ಲಿ ನಿಮಗೆ ಎರಡು ತೂತು ಖಾಲಿ ಉಳಿಯುತ್ತೆ, ಅವಕ್ಕೆ ಸೀಲಿಂಗ್ ಪ್ಲಗ್ ಬೇರೆ ಬರುತ್ತೆ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೂ ಆನ್‌ಲೈನ್ ತರಿಸಿದರೂ ಅದನ್ನೂ ಲಿಸ್ಟಲ್ಲಿ ಬರೆದುಕೊಳ್ಳಿ.