ಸಹಾಯ ಬೇಕು: ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಸಿ, ಓಡಿದರೆ ಸರಿ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಕಾರು, 94,000 ಕಿಲೋಮೀಟರ್ ಓಡಿದೆ. ತುಮಕೂರು ಹೈವೇಯಲ್ಲಿ 80ರ ವೇಗದಲ್ಲಿ ಹೋದರೆ ಟೆಂಪರೇಚರ್ ಮುಳ್ಳು ಮಧ್ಯದಿಂದ ಅಲ್ಲಾಡುವುದೇ ಇಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಕೆಂಪು ಗೆರೆ ಹತ್ತಿರ ಹೋಗುತ್ತದೆ.

ನಿನ್ನೆ ಮನೆ ಮುಂದೆ ಬಾನೆಟ್ ಎತ್ತಿ, ಎಂಜಿನ್ ಆನ್ ಇಟ್ಟು ನೋಡುತ್ತಾ ನಿಂತೆ. ಮುಳ್ಳು ಮೇಲೆ ಹೋದರೂ ರೇಡಿಯೇಟರ್ ಫ್ಯಾನ್ ತಿರುಗಲಿಲ್ಲ. ಎಸಿ ಹಾಕಿದ ತಕ್ಷಣ ಫ್ಯಾನ್ ಜೋರಾಗಿ ತಿರುಗಿತು, ಮುಳ್ಳೂ ನಿಧಾನಕ್ಕೆ ಇಳಿಯಿತು. ಅಂದರೆ ಮೋಟಾರ್ ಚೆನ್ನಾಗಿಯೇ ಇದೆ ಅಲ್ವಾ?

ಗ್ಯಾರೇಜಿನಲ್ಲಿ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ), ಅದರ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ವಾಲ್ವ್ ಎರಡನ್ನೂ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಿದ್ದಾರೆ. ನನಗೆ ನಂಬಿಕೆ ಬರುತ್ತಿಲ್ಲ. ಅದು ಹೋಗಿದ್ದರೆ ಕಾಣುವ ಲಕ್ಷಣಗಳು ಯಾವುದೂ ಇಲ್ಲ: ಬಿಳಿ ಹೊಗೆ ಇಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಹಾಗೆ ಆಗಿಲ್ಲ, ಕೂಲೆಂಟ್ ಕೂಡ ಕಡಿಮೆಯಾಗಿಲ್ಲ.

ನನ್ನ ಅನುಮಾನ ಫ್ಯಾನ್‌ಗೆ ಸೂಚನೆ ಕೊಡುವ ಸೆನ್ಸರ್ ಮೇಲೆ. ಮೀಟರ್‌ಗೆ ಒಂದು, ಫ್ಯಾನ್‌ಗೆ ಇನ್ನೊಂದು ಸೆನ್ಸರ್ ಇರುವ ಕಾರುಗಳೂ ಇವೆಯಂತೆ. ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಸೆನ್ಸರನ್ನು ಬಿಸಿನೀರಲ್ಲಿ ಇಟ್ಟು ಓಮ್ಸ್ (ರೆಸಿಸ್ಟೆನ್ಸ್) ಇಳಿಯುತ್ತದಾ ನೋಡಿದರೆ ಸಾಕಾ? ಫ್ಯಾನ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇಯನ್ನೂ ಬದಲಾಯಿಸಿ ನೋಡಬೇಕಾ? ಅಥವಾ ಹೊಸ ಕೂಲೆಂಟ್ ಹಾಕುವಾಗ ಗಾಳಿ ಉಳಿದುಕೊಂಡಿರಬಹುದಾ?

ಅಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಸದ್ಯಕ್ಕೆ ಸಿಗ್ನಲ್ ಬಂದಾಗೆಲ್ಲ ಎಸಿ ಹಾಕಿ ಓಡಿಸುತ್ತಿದ್ದೇನೆ. ಇದೇ ತೊಂದರೆ ಸರಿಮಾಡಿಕೊಂಡವರು, ಮೆಕ್ಯಾನಿಕ್ ಅಣ್ಣಂದಿರು ದಯವಿಟ್ಟು ತಿಳಿಸಿ. ಬುಧವಾರದೊಳಗೆ ಗೊತ್ತಾದರೆ ತುಂಬಾ ಉಪಕಾರ ಆಗುತ್ತದೆ.