ವೆಜ್ ಟ್ಯಾನ್ ಲೆದರ್ ಬ್ಯಾಗ್ ತಗೊಳ್ಳಲಾ ಬೇಡ್ವಾ? ಬಳಸಿದವರು ಅನುಭವ ಹೇಳಿ

ತುಂಗೆ ದಡದವಳು:
ಬೆಂಗಳೂರಲ್ಲಿ ಕೆಲಸ, ಮನೆ ತೀರ್ಥಹಳ್ಳಿ ಹತ್ತಿರ. ಆಗಾಗ ಊರಿಗೆ ಹೋಗಿ ಬರುತ್ತೇನೆ. ಆಫೀಸಿಗೆ ಅರ್ಧ ದಾರಿ ಸ್ಕೂಟರ್, ಆಮೇಲೆ ಮೆಟ್ರೊ. 14 ಇಂಚಿನ ಲ್ಯಾಪ್‌ಟಾಪ್ ಹಿಡಿಯುವ ವೆಜ್ ಟ್ಯಾನ್ (ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮದ) ಬ್ಯಾಗ್ ಒಂದು ನೋಡಿಟ್ಟಿದ್ದೇನೆ, ಎಂಟು ಸಾವಿರ ಚಿಲ್ಲರೆ. ಮಳೆಗೆ ತಡೆಯುತ್ತಾ? ಏನು ಹಚ್ಚಬೇಕು?

ಸಾಗರದವ:
ಮಲೆನಾಡಿನವರು ಇದರ ಸಹವಾಸಕ್ಕೇ ಹೋಗಬಾರದು. ಬ್ಯಾಗಿಗೆ 11,500 ಕೊಟ್ಟೆ. ಕೊರಿಯರ್ 180. ಅವರದೇ ಬಾಮ್ ಹಚ್ಚದಿದ್ದರೆ ವಾರಂಟಿ ಇಲ್ಲ ಅಂದರು, ಆ ಡಬ್ಬಿಗೆ 950. ಡಬ್ಬಿ ಅಂದರೆ ಅಂಗೈ ಒಳಗೆ ಮುಚ್ಚಿಹೋಗುವಷ್ಟು. ಬೇಸಿಗೆಯಲ್ಲಿ ಎಲ್ಲಾ ಚೆಂದ. ತಿಳಿ ಬಣ್ಣದ್ದು ನಿಧಾನಕ್ಕೆ ಜೇನುಬಣ್ಣಕ್ಕೆ ತಿರುಗಿತು, ಬಸ್ಸಿನಲ್ಲಿ ಎಲ್ಲಿ ತಗೊಂಡ್ರಿ ಅಂತ ಕೇಳುವವರು. ಆಷಾಢದಲ್ಲಿ ಬೀರುವಿನಲ್ಲಿಟ್ಟೆ, ಅವರೇ ಕೊಟ್ಟ ಬಟ್ಟೆ ಚೀಲದ ಒಳಗೇ. ತೆಗೆದು ನೋಡಿದರೆ ಹೆಗಲಪಟ್ಟಿಯ ಹೊಲಿಗೆ ಸಾಲಿನುದ್ದಕ್ಕೂ ಬಿಳಿ ಬೂಷ್ಟು, ಮುಚ್ಚಳದ ಒಳಗೆ ಹಸಿರು ಚುಕ್ಕೆ, ಮುಗ್ಗಲು ವಾಸನೆ. ಅಂಗಡಿಗೆ ಫೋಟೊ ಕಳಿಸಿದರೆ "ನ್ಯಾಚುರಲ್ ಪ್ರಾಡಕ್ಟ್ ಅಲ್ವಾ ಸರ್" ಅಂದರು. ಬೂಷ್ಟೂ ನ್ಯಾಚುರಲ್ಲೇ, ಇಲ್ಲ ಅನ್ನಲ್ಲ. ಕ್ಲೀನಿಂಗಿಗೆ ಕಳಿಸಿದ್ದು 260, ಕ್ಲೀನಿಂಗ್ 1,400, ವಾಪಸ್ ತರಿಸಿದ್ದು ಮತ್ತೆ 260. ಕೂಡಿ ನೋಡಿ, 14,550. ಈಗ ಅದರಲ್ಲಿ ಹಳೇ ಕರೆಂಟ್ ಬಿಲ್ ಇಟ್ಟಿದ್ದೇನೆ.

ಸಂಪಿಗೆ, ಮೈಸೂರು:
ಬೀರುವಿನಲ್ಲಿ ಪೂಜೆ ಮಾಡೋಕೆ ತಗೊಂಡಿದ್ರಾ? ಬ್ಯಾಗ್ ಅಂದ ಮೇಲೆ ದಿನಾ ಹೆಗಲ ಮೇಲಿರಬೇಕು. ನಮ್ಮಪ್ಪ 1984ರಲ್ಲಿ ತಗೊಂಡ ಕೈಚೀಲ ಇನ್ನೂ ನನ್ನ ಹತ್ತಿರ ಇದೆ. ಇನ್ಶೂರೆನ್ಸ್ ಏಜೆಂಟ್ ಆಗಿದ್ದರು, ಸೈಕಲ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಊರೂರು ಸುತ್ತಿದ ಚೀಲ ಅದು. ಭಾನುವಾರ ಬೂಟಿಗೆ ಪಾಲಿಶ್ ಮಾಡುವಾಗ ಚೀಲಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಬಾಮ್ ಇಲ್ಲ, ಕ್ರೀಮ್ ಇಲ್ಲ. ಹಿಡಿ ಕಿತ್ತುಬಂದಾಗ ಮಾರ್ಕೆಟ್ ಹತ್ತಿರದ ಚಮ್ಮಾರರ ಕೈಲಿ 350 ಕೊಟ್ಟು ಹೊಸದು ಹಾಕಿಸಿದೆ. ಈಗ ಅದರ ಬಣ್ಣ ಹುಣಸೆಹಣ್ಣಿನದು. ಯಾವ ಶೋರೂಮಿನಲ್ಲೂ ಆ ಬಣ್ಣ ಸಿಗಲ್ಲ. 950ರ ಡಬ್ಬಿ ಕೊಳ್ಳುವವರನ್ನು ನೋಡಿದರೆ ಪಾಪ ಅನ್ಸುತ್ತೆ.

ರಾಣಿಪೇಟೆ ರಿಟೈರ್ಡ್:
ನಾನು ತಮಿಳುನಾಡಿನ ರಾಣಿಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಯಲ್ಲೇ ಕೂದಲು ನರೆಸಿಕೊಂಡವನು. ಕೊಬ್ಬರಿ ಎಣ್ಣೆ ಹಚ್ಚಿ ಅಂತ ದಯವಿಟ್ಟು ಊರಿಗೆಲ್ಲಾ ಹೇಳಬೇಡಿ ಮೇಡಂ. ಅದು 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುವ ಎಣ್ಣೆ. ತಣ್ಣಗಾದಾಗ ಚರ್ಮದಿಂದ ಹೊರಗೆ ಬಂದು ಬಿಳಿ ಪದರ ಕಟ್ಟುತ್ತದೆ. ಸಾಗರದವರೇ, ನಿಮ್ಮ ಬಾಮಿನಲ್ಲೂ ಕೊಬ್ಬು, ಮೇಣ ಇದ್ದೇ ಇರುತ್ತೆ. ಹೊಲಿಗೆ ಸಾಲಿನ ಬಿಳಿ ಬೂಷ್ಟೇ ಅಂತ ಹೇಗೆ ಗೊತ್ತು? ಹೇರ್ ಡ್ರೈಯರ್ ಸಣ್ಣಗೆ ಹಿಡಿಯಬೇಕು. ಕರಗಿ ಮಾಯವಾದರೆ ಕೊಬ್ಬು. ಕರಗದೆ ಉಳಿದು, ಒರೆಸಿದ ಮೇಲೆ ಮತ್ತೆ ಹುಟ್ಟಿದರೆ ಬೂಷ್ಟು. ಹಸಿರು ಚುಕ್ಕೆ ಮಾತ್ರ ಬೂಷ್ಟೇ, ಅದರಲ್ಲಿ ಅನುಮಾನ ಇಲ್ಲ.

ಸಾಗರದವ:
1,400 ಕಿತ್ತುಕೊಂಡವನು ಈ ಮಾತು ಹೇಳಲೇ ಇಲ್ಲವಲ್ಲ. ಪಕ್ಕದ ಮನೆಯವರಂತೂ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಅಡಿಕೆ ಜೊತೆ ಇಡಿ, ಒಣಗುತ್ತೆ ಅಂದಿದ್ದರು.

ರಾಣಿಪೇಟೆ ರಿಟೈರ್ಡ್:
ಅಯ್ಯೋ, ಆ ಕೆಲಸ ಮಾತ್ರ ಬೇಡ. ವೆಜ್ ಟ್ಯಾನ್ ಚರ್ಮ ಒದ್ದೆ ಇದ್ದಾಗ 70–80 ಡಿಗ್ರಿಗೇ ಮುದುರಿಕೊಳ್ಳುತ್ತದೆ. ಕ್ರೋಮಿನದಾದರೆ, ಅಂದರೆ ತೊಗಟೆ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದಾದರೆ, ಕುದಿಯುವ ನೀರನ್ನೂ ತಡೆಯುತ್ತೆ. ಒಮ್ಮೆ ಮುದುರಿದರೆ ಯಾವ ಎಣ್ಣೆಗೂ ವಾಪಸ್ ಬರಲ್ಲ.

ಅಥಣಿ ಹುಡುಗ:
ಎಲ್ಲರೂ ಶೋರೂಮ್, ಆನ್‌ಲೈನ್ ಅಂತೀರಿ. ನಮ್ಮೂರಿಗೆ ಬರ್ರಿ. ಕೊಲ್ಲಾಪುರಿ ಚಪ್ಪಲಿ ಮಾಡುವ ನಮ್ಮ ಸಮಗಾರ ಕಾಕಾ ಒಬ್ಬರ ಕೈಲಿ ಬ್ಯಾಗ್ ಹೊಲಿಸಿದೆ. ಚರ್ಮ ಮತ್ತು ಕೂಲಿ ಸೇರಿ 4,200. ಬಕಲ್ ನಾನೇ ಬೆಳಗಾವಿಯಿಂದ ತಂದೆ, 140ಕ್ಕೆ ಎರಡು. ಎಮ್ಮೆ ಚರ್ಮ, ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದದ್ದು. ಹಿಂದೆಲ್ಲಾ ಇಡೀ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬಿಸಿ ತೂಗುಹಾಕುತ್ತಿದ್ದರು. ಕೆಂಪು ನೀರು ತೊಟ್ಟಿಕ್ಕುತ್ತಿತ್ತು, ಅದನ್ನೇ ಹಿಡಿದು ಮತ್ತೆ ಮೇಲಿಂದ ಸುರಿಯುವುದು. ಈಗ ಹಾಗೆ ಹದ ಮಾಡುವ ಮನೆಗಳು ಕಡಿಮೆ. ಚರ್ಮ ಸಿಗೋದೇ ಕಷ್ಟ, ಆ ಗೋಹತ್ಯೆ ಕಾಯ್ದೆ ಬಂದ ಮೇಲಂತೂ ಜಾಸ್ತಿ. 13 ವರ್ಷದೊಳಗಿನ ಎಮ್ಮೆನೂ ಅದರಲ್ಲಿ ಬರುತ್ತೆ. ಇಷ್ಟೆಲ್ಲಾ ಇದ್ದೂ ಮಾಡ್ತಾರಲ್ಲ, ಅವರಿಗೆ ಕೊಡಿ ದುಡ್ಡು.

ರೆಕ್ಸಿನ್ ರಾಜ:
ಅಣ್ಣಾ, ರಾಜಕೀಯ ಬೇಡ. ಕೊಲ್ಲಾಪುರಿ ಮಹಾರಾಷ್ಟ್ರದ್ದು, ನೀವು ಯಾಕೆ ನಮ್ಮೂರದ್ದು ಅಂತ ಹಾರಾಡ್ತೀರಿ? ನನ್ನದು 1,199ರ ರೆಕ್ಸಿನ್ ಬ್ಯಾಗ್. ಮಳೆ ಬಂದರೆ ಒರೆಸ್ತೀನಿ, ಕಿತ್ತುಹೋದರೆ ಬಿಸಾಕ್ತೀನಿ.

ಅಥಣಿ ಹುಡುಗ:
ಬಿಸಾಕಿದ್ದು ಎಲ್ಲಿಗೆ ಹೋಗುತ್ತೆ ರಾಜಾ? ಇನ್ನು ಕೊಲ್ಲಾಪುರಿ ವಿಷಯ. 2019ರಲ್ಲಿ ಜಿಐ (ಇಂಥ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು) ಕೊಟ್ಟಿದ್ದು ಎರಡೂ ರಾಜ್ಯಕ್ಕೆ. ನಮ್ಮಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅವರಲ್ಲಿ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಾಲ್ಕಕ್ಕೆ ನಾಲ್ಕು. 2025ರ ಜೂನಿನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾದವರು ಮಿಲಾನಿನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿದಾಗ ಟಿವಿಯವರೂ ಕೊಲ್ಲಾಪುರ ಕೊಲ್ಲಾಪುರ ಅಂತ ಬಡಕೊಂಡರು, ಅಥಣಿ ಹೆಸರು ಎತ್ತಿದವರು ಎಷ್ಟು ಜನ?

ಮ್ಯೂನಿಕ್ ಮಂಜ:
ನಾನು ಇಟಲಿಯ ಟಸ್ಕನಿ ಕಡೆ ಹದ ಮಾಡಿದ ಚರ್ಮದ ಬ್ಯಾಗ್ ತಗೊಂಡೆ, 245 ಯೂರೊ. ಚಳಿಗಾಲದಲ್ಲಿ ಮನೆಯ ಹೀಟರ್ ಪಕ್ಕದ ಗೂಟಕ್ಕೆ ನೇತುಹಾಕುತ್ತಿದ್ದೆ, ಮಡಿಕೆ ಬೀಳುವ ಕಡೆ ಬಿರುಕು ಬಿಡ್ತು. ಆದರೂ ಕ್ರೋಮ್ ಮಾತ್ರ ಮುಟ್ಟಲ್ಲ. ಅದು ವಿಷ. ಯುರೋಪಿನಲ್ಲಿ 2015ರಿಂದ ಮೈಗೆ ತಾಗುವ ಲೆದರಿನಲ್ಲಿ ಕ್ರೋಮಿಯಂ 6 ಒಂದು ಕಿಲೋಗೆ 3 ಮಿಲಿಗ್ರಾಂ ದಾಟಿದರೆ ಮಾರುವ ಹಾಗೇ ಇಲ್ಲ.

ರಾಣಿಪೇಟೆ ರಿಟೈರ್ಡ್:
ಅರ್ಧ ಓದಿಕೊಂಡು ವಿಷ ಅನ್ನಬೇಡಿ ತಮ್ಮಾ. ಹದಕ್ಕೆ ಬಳಸೋದು ಕ್ರೋಮಿಯಂ 3. ಕೆಲಸ ಕೆಟ್ಟಾಗ ಅದೇ ವಿಷದ ರೂಪವಾದ 6 ಆಗುತ್ತೆ, ಕಾನೂನು ಹಿಡಿಯೋದು ಅದನ್ನು. ತೊಗಟೆ ನೀರು ಹಾಲಿನಷ್ಟು ಪವಿತ್ರ ಅಂದುಕೊಂಡಿದ್ದೀರಾ? ಸಂಸ್ಕರಣೆ ಮಾಡದೆ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ತಿಂದುಬಿಡುತ್ತೆ, ಮೀನು ಉಳಿಯಲ್ಲ.

ಮ್ಯೂನಿಕ್ ಮಂಜ:
ಚರ್ಮದ ಕಾರ್ಖಾನೆಗಳ ಕೊಳೆ ಬಿಟ್ಟು ಪಾಲಾರ್ ನದಿ ಹಾಳು ಮಾಡಿದ ಊರಿನವರು ನಮಗೆ ಪರಿಸರ ಪಾಠ ಹೇಳ್ತಿದ್ದಾರೆ. ಭೇಷ್.

ರಾಣಿಪೇಟೆ ರಿಟೈರ್ಡ್:
ಅಲ್ಲಿ ದುಡಿದವನು ನಾನು, ಆ ವಾಸನೆ ಕುಡಿದವನೂ ನಾನೇ. ನೀವು ಹೀಟರ್ ಪಕ್ಕ ಬ್ಯಾಗ್ ನೇತುಹಾಕಿ ಕೂತಿರಿ.

ಸಂಪಿಗೆ, ಮೈಸೂರು:
ಇಬ್ಬರೂ ಸ್ವಲ್ಪ ತಣ್ಣಗಾಗಿ. ಬಿಳಿ ಪದರ ಕಟ್ಟಿದರೂ ತೊಂದರೆ ಇಲ್ಲ, ಅಂಗೈಯಲ್ಲಿ ಉಜ್ಜಿದರೆ ಒಳಗೆ ಹೋಗುತ್ತೆ. ನಲವತ್ತು ವರ್ಷದ ಚೀಲ ಕಣ್ಣ ಮುಂದಿದೆ. ನಿಮ್ಮ ಕಾರ್ಖಾನೆಯ ಯಾವ ಬ್ಯಾಗ್ ಅಷ್ಟು ಬಾಳಿದೆ, ಫೋಟೊ ಹಾಕಿ ಸರ್.

ತುಂಗೆ ದಡದವಳು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಸ್ಕೂಟರ್, ಮಳೆ ಅಂತ ನಾನು ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಇನ್ನೊಂದು ವಿಷಯ. ಅಂಗಡಿಯಲ್ಲಿ ಹೊರಗಿಟ್ಟ ಸ್ಯಾಂಪಲ್ ಬ್ಯಾಗಿನಲ್ಲಿ ಬಕಲ್ ಸುತ್ತ ನೀಲಿ ಮಿಶ್ರಿತ ಕಪ್ಪು ಕಲೆ ಇತ್ತು. ಅದು ಡೈ ಸೋರಿದ್ದಾ?

ರಾಣಿಪೇಟೆ ರಿಟೈರ್ಡ್:
ಒಳ್ಳೇ ಪ್ರಶ್ನೆ ಕೇಳಿದ್ದೀರಮ್ಮಾ. ಡೈ ಅಲ್ಲ, ಕಬ್ಬಿಣ. ತೊಗಟೆಯ ಒಗರಿಗೆ ಕಬ್ಬಿಣ ಮತ್ತು ನೀರು ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಹಾಕಿ ಶಾಯಿ ಮಾಡುತ್ತಿದ್ದರು, ಅದೇ ಇಲ್ಲೂ ಆಗೋದು. ಅಂಗಡಿಗೆ ಹೋಗುವಾಗ ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ಬಕಲ್ಲಿಗೆ ಅಂಟಿದರೆ ಅದು ಹಿತ್ತಾಳೆ ನೀರು ಕೊಟ್ಟ ಕಬ್ಬಿಣ, ಬೇಡ. ಒದ್ದೆ ಛತ್ರಿಯ ಕಡ್ಡಿ ತಾಗಿದರೂ ಗೆರೆ ಬೀಳುತ್ತೆ. ಹೊಸ ಕಲೆಗೆ ನಿಂಬೆರಸ ಹತ್ತಿಯಲ್ಲಿ ಅದ್ದಿ ಒತ್ತಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಮೊದಲು ಕಾಣದ ಕಡೆ ಹಚ್ಚಿ ನೋಡಿಕೊಳ್ಳಿ.

ಮಳೆ ವಿಷಯ. ತುಂತುರು ಬಿದ್ದರೆ ಚುಕ್ಕೆ ಚುಕ್ಕೆ ಕಲೆ ಆಗುತ್ತೆ. ಬಿದ್ದ ಕಡೆ ಮಾತ್ರ ಉಜ್ಜಬೇಡಿ, ಆ ಇಡೀ ಭಾಗವನ್ನೇ ಒದ್ದೆ ಬಟ್ಟೆಯಿಂದ ಸಮನಾಗಿ ತೇವ ಮಾಡಿ ನೆರಳಲ್ಲಿ ಆರಿಸಿ. ಒಳಗೆ ಹಳೇ ಪಂಚೆ ತುರುಕಿ, ಪೇಪರ್ ಆದರೆ ಶಾಯಿ ಹತ್ತುತ್ತದೆ. ಆರಿದ ಮೇಲೆ ಜೇನುಮೇಣ ಇರುವ ಕ್ರೀಮ್ ಬಟಾಣಿ ಕಾಳಿನಷ್ಟು ತಗೊಂಡು ಹಳೇ ಬನಿಯನ್ನಿನಲ್ಲಿ ತೆಳ್ಳಗೆ ಸವರಿ. ಇಷ್ಟೇ ದಿನಕ್ಕೊಮ್ಮೆ ಅಂತ ಲೆಕ್ಕ ಇಲ್ಲ, ಮುಟ್ಟಿದರೆ ಒಣಒಣ ಅನ್ನಿಸಿದಾಗ ಹಚ್ಚಿದರೆ ಸಾಕು. ಸ್ಕೂಟರಿಗೆ ರೇನ್ ಕವರ್ ಬೇಕೇ ಬೇಕು, ಆದರೆ ಆಫೀಸು ಮುಟ್ಟಿದ ಕೂಡಲೇ ತೆಗೆಯಿರಿ. ಪ್ಲಾಸ್ಟಿಕ್ ಒಳಗೆ ತೇವ ಕೂತರೆ ಸಾಗರದವರ ಕಥೆಯೇ. ಹೊಸ ಜೀನ್ಸ್ ಮೇಲೆ ಒರಗಿಸಬೇಡಿ, ನೀಲಿ ಹತ್ತಿದರೆ ಹೋಗಲ್ಲ.

ರೆಕ್ಸಿನ್ ರಾಜ:
ಮಗು ಸಾಕೋದು ಇದಕ್ಕಿಂತ ಸುಲಭ.

ಸಾಗರದವ:
ಡ್ರೈಯರ್ ಹಿಡಿದು ನೋಡಿದೆ. ಹೊಲಿಗೆ ಮೇಲಿನದ್ದು ಕರಗಿತು. ಮುಚ್ಚಳದ ಒಳಗಿನದ್ದು ಇಲ್ಲ. ಅಂದರೆ 1,400ರಲ್ಲಿ ಅವನು ತೊಳೆದದ್ದು ಯಾವುದನ್ನು?

ಅಥಣಿ ಹುಡುಗ:
ಸರ್ ಹೇಳಿದ ಮೇಲೆ ನಾನೂ ಆಯಸ್ಕಾಂತ ಹಿಡಿದೆ. ಒಂದು ಬಕಲ್ ಅಂಟಿತು, ಒಂದು ಅಂಟಲಿಲ್ಲ. ಬೆಳಗಾವಿ ಅಂಗಡಿಯವನ ಹತ್ತಿರ ಶನಿವಾರ ಮಾತಾಡ್ತೀನಿ. ತುಂಗೆ ಅಕ್ಕಾ, ಕಾಕಾರ ನಂಬರ್ ಇಲ್ಲಿ ಹಾಕಲ್ಲ, ಮೆಸೇಜ್ ಮಾಡಿ. ಲ್ಯಾಪ್‌ಟಾಪಿನ ಉದ್ದ ಅಗಲ ಕಳಿಸಿ, ಚಾರ್ಜರ್ ಇಟ್ಟಾಗಿನ ದಪ್ಪವನ್ನೂ ಕಳಿಸಿ. ಮೇ ಒಳಗೆ ಹೇಳಿದರೆ ಒಳ್ಳೇದು, ಮಳೆ ಹಿಡಿದ ಮೇಲೆ ಚರ್ಮ ಒಣಗೋದು ನಿಧಾನ.