3,951 ದೊಡ್ಡದೋ, 44.2 ದೊಡ್ಡದೋ? ಕ್ಲಾರ್ಕ್ ಮತ್ತು ಮ್ಯಾರವಿಚ್

ಹಾಕ್‌ಐ_ಕನ್ನಡಿಗ
ನಾನಿರುವುದು ಐಯೋವಾದಲ್ಲಿ. 2024ರ ಮಾರ್ಚ್ 3ರಂದು ಕಾರ್ವರ್-ಹಾಕ್‌ಐ ಅರೀನಾದಲ್ಲಿ ನಾನೂ ಇದ್ದೆ. ಅಲ್ಲಿ ಬಾಗಿಲು ದಾಟಿದರೆ ನೇರ ಮೇಲಿನ ಸಾಲಿಗೇ ಬರುತ್ತೇವೆ, ಕೋರ್ಟು ಕೆಳಗೆ ಬಾವಿಯ ತಳದಲ್ಲಿದ್ದ ಹಾಗೆ ಕಾಣುತ್ತದೆ. ಒಹಾಯೊ ಸ್ಟೇಟ್ ವಿರುದ್ಧ ಹೆಂಗಸರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ. ಅರ್ಧ ಆಟ ಮುಗಿಯಲು ಒಂದು ಸೆಕೆಂಡೂ ಉಳಿದಿರಲಿಲ್ಲ. ಎದುರು ತಂಡದ ಟೆಕ್ನಿಕಲ್ ಫೌಲ್‌ಗೆ ಎರಡು ಫ್ರೀ ಥ್ರೋ ಸಿಕ್ಕಿತು. ನಮ್ಮ ಐಯೋವಾ ತಂಡದ ಕೇಟ್ಲಿನ್ ಕ್ಲಾರ್ಕ್ ಎರಡನ್ನೂ ಹಾಕಿದಳು. ಪೀಟ್ ಮ್ಯಾರವಿಚ್ 1970ರಲ್ಲಿ ಬಿಟ್ಟುಹೋದ 3,667 ಪಾಯಿಂಟ್‌ಗಳ ದಾಖಲೆ ಅಲ್ಲಿಗೆ ಮುರಿಯಿತು. ಕೊನೆಗೆ ಅವಳು ನಿಂತದ್ದು 3,951ಕ್ಕೆ. ಅಮೆರಿಕದ ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಯಾರೂ ಇಷ್ಟು ಹಾಕಿಲ್ಲ. ಕಾಲೇಜು ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಸ್ಕೋರರ್ ಅವಳೇ. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಹಳೇ_ಗಾರ್ಡ್
"ಅತಿ ದೊಡ್ಡ ಸ್ಕೋರರ್" ಅಂದಿರಲ್ಲ, ಅಲ್ಲೇ ನಿಲ್ಲಿ. ಮ್ಯಾರವಿಚ್ ಆಡಿದ್ದು 83 ಪಂದ್ಯ. ಕ್ಲಾರ್ಕ್ ಆಡಿದ್ದು 139. ಪಂದ್ಯಕ್ಕೆ ಸರಾಸರಿ 44.2 ಪಾಯಿಂಟ್ ಎಲ್ಲಿ, 28.4 ಎಲ್ಲಿ? ಆ ಕಾಲದಲ್ಲಿ ಮೊದಲ ವರ್ಷದವರನ್ನು ಮುಖ್ಯ ತಂಡಕ್ಕೆ ಸೇರಿಸುತ್ತಲೇ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಮೂರೇ ವರ್ಷ. ಮೂರು ಪಾಯಿಂಟ್ ಗೆರೆಯೂ ಇರಲಿಲ್ಲ. ಎಷ್ಟು ದೂರದಿಂದ ಹಾಕಿದರೂ ಎರಡೇ.

ಲೆಕ್ಕದ_ಮೇಷ್ಟ್ರು
44.2 ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಎಷ್ಟು ಶಾಟ್ ಬೇಕಾಯಿತು ಅಂತ ಯಾರೂ ಹೇಳುವುದಿಲ್ಲ. ಪಂದ್ಯಕ್ಕೆ 38! ಅದರಲ್ಲಿ ಒಳಗೆ ಬಿದ್ದದ್ದು 100ಕ್ಕೆ 44ರ ಹತ್ತಿರ. ಕೋಚ್ ಯಾರು? ಅವನ ಅಪ್ಪ ಪ್ರೆಸ್ ಮ್ಯಾರವಿಚ್. ಇನ್ನು ಬೇಡ ಅನ್ನುವವರು ಯಾರು? ಕ್ಲಾರ್ಕ್ ಕೊನೆಯ ವರ್ಷ ಪಂದ್ಯಕ್ಕೆ ಸುಮಾರು 23 ಶಾಟ್‌ನಲ್ಲಿ 31.6 ಪಾಯಿಂಟ್ ತೆಗೆದಳು. ಜೊತೆಗೆ 8.9 ಅಸಿಸ್ಟ್, ಅಂದರೆ ಜೊತೆಗಾರರು ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್.

ಹಳೇ_ಗಾರ್ಡ್
ಅಪ್ಪ ಕೋಚ್ ಆದರೆ ಚೆಂಡು ತಾನಾಗಿ ರಿಂಗಿಗೆ ಬೀಳುತ್ತದಾ ಮೇಷ್ಟ್ರೇ? ಆಯಿತು, ಶಾಟ್ ಲೆಕ್ಕವೇ ಬೇಕು ಅಂದರೆ ಇದನ್ನೂ ಸೇರಿಸಿ. ಹೆಂಗಸರು ಆಡುವ ಚೆಂಡು ಚಿಕ್ಕದು. ಸುತ್ತಳತೆ ಇಪ್ಪತ್ತೆಂಟೂವರೆ ಇಂಚು, ಗಂಡಸರದ್ದು ಇಪ್ಪತ್ತೊಂಬತ್ತೂವರೆ. ರಿಂಗ್ ಮಾತ್ರ ಅದೇ 18 ಇಂಚು, ಅದೇ ಹತ್ತಡಿ ಎತ್ತರ. ಚಿಕ್ಕ ಚೆಂಡು, ಅದೇ ರಿಂಗ್. ಯಾವುದು ಸುಲಭ?

ಮಂಡ್ಯದವಳು
ಈ "ಸುಲಭ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಹತ್ತು ವರ್ಷ ಆಡಿದ್ದೇನೆ. ಬೆಳಗ್ಗೆ ಐದೂವರೆಗೆ ಸಿಮೆಂಟ್ ಕೋರ್ಟಿನಲ್ಲಿ ಇರಬೇಕಿತ್ತು. ನಮ್ಮ ಹುಡುಗಿಯರಿಗೆ ಸಿಕ್ಸ್ ಸೈಜ್ ಚೆಂಡು ಇದ್ದದ್ದು ಒಂದೇ. ಅದರ ಗಾಳಿ ಹೋದ ದಿನ ಹುಡುಗರ ಸೆವೆನ್ ಸೈಜ್‌ನಲ್ಲೇ ಆಡಬೇಕು. ಅಂಗೈ ಪೂರ್ತಿ ಅಗಲಿಸಿದರೂ ಬೆರಳ ತುದಿ ಚೆಂಡಿನ ಕಪ್ಪು ಗೆರೆಗೆ ಸಿಗುತ್ತಿರಲಿಲ್ಲ, ಶಾಟ್ ಎಡಕ್ಕೆ ಎಳೆಯುತ್ತಿತ್ತು. ಸಿಕ್ಸ್ ಸೈಜ್ ರಿಯಾಯಿತಿ ಅಲ್ಲ, ಕೈಗೆ ತಕ್ಕ ಚೆಂಡು. ಮೂರು ಪಾಯಿಂಟ್ ಗೆರೆ ಕಾಲೇಜಿನಲ್ಲಿ ಇಬ್ಬರಿಗೂ ಈಗ ಒಂದೇ ದೂರ, 22 ಅಡಿ ಚಿಲ್ಲರೆ. ಅದನ್ನು ಯಾಕೆ ಬಿಟ್ಟಿರಿ?

ಹಳೇ_ಗಾರ್ಡ್
"ಶಾಟ್ ಎಡಕ್ಕೆ ಎಳೆಯುತ್ತಿತ್ತು." ನೋಡಿ, ನೀವೇ ಹೇಳಿದಿರಿ. ದೊಡ್ಡ ಚೆಂಡಿನಲ್ಲಿ ಕಷ್ಟ. ನಾನು ಹೇಳುತ್ತಿರುವುದೂ ಅದೇ.

ಮಂಡ್ಯದವಳು
ನನ್ನ ಕೈಗೆ ಕಷ್ಟ ಅಂದೆ! ಆರೂಕಾಲು ಅಡಿ ಮೀರಿದ ಮ್ಯಾರವಿಚ್ ಕೈಗಲ್ಲ. ಬರೆದಿದ್ದನ್ನು ಪೂರ್ತಿ ಓದಿ, ಸರ್.

ರಾತ್ರಿ_ಪಾಳಿ
ಮನೆಯಲ್ಲಿ ಎರಡೂ ಚೆಂಡು ಇವೆ, ಒಂದು ನನ್ನದು, ಒಂದು ತಂಗಿಯದು. ಅಮ್ಮನ ಟೈಲರಿಂಗ್ ಟೇಪಿನಲ್ಲಿ ಈಗಷ್ಟೇ ಅಳೆದೆ. ಸಿಕ್ಸ್ 73 ಸೆಂಟಿಮೀಟರ್, ಸೆವೆನ್ 75. ಬರೀ ಎರಡು ಸೆಂಟಿಮೀಟರ್‌ಗೆ ಇಷ್ಟು ಜಗಳವಾ?

ಹಳೇ_ಗಾರ್ಡ್
73 ಅಲ್ಲ, ಹತ್ತಿರಹತ್ತಿರ ಎಪ್ಪತ್ತೆರಡೂವರೆ ಇರಬೇಕು. ನಿಮ್ಮ ತಂಗಿಯ ಚೆಂಡಿಗೆ ಗಾಳಿ ಜಾಸ್ತಿಯಾಗಿದೆ.

ರಾತ್ರಿ_ಪಾಳಿ
ಗಾಳಿ ಸರಿಯಾಗಿಯೇ ಇದೆ. ಭುಜದ ಎತ್ತರದಿಂದ ಬಿಟ್ಟೆ, ಸೊಂಟದವರೆಗೆ ಪುಟಿಯಿತು.

ಲೆಕ್ಕದ_ಮೇಷ್ಟ್ರು
ಸುತ್ತಳತೆ ಬಿಡಿ, ರಿಂಗಿನೊಳಗೆ ಹೋಗುವುದು ಅಡ್ಡಗಲ. ಎರಡು ಚೆಂಡುಗಳ ಅಡ್ಡಗಲಕ್ಕೆ ವ್ಯತ್ಯಾಸ ಸುಮಾರು 8 ಮಿಲಿಮೀಟರ್. ನಮ್ಮ ಕಿರುಬೆರಳಿಗಿಂತ ಕಡಿಮೆ. ಈ 8 ಮಿಲಿಮೀಟರ್‌ನಿಂದ ಕ್ಲಾರ್ಕ್ ಒಂದೇ ಸೀಸನ್‌ನಲ್ಲಿ 201 ತ್ರೀ (ಮೂರು ಪಾಯಿಂಟ್ ಶಾಟ್) ಹಾಕಿದಳಾ? ಎನ್‌ಬಿಎ ತಾರೆ ಸ್ಟೆಫ್ ಕರಿ ಕಾಲೇಜಿನಲ್ಲಿದ್ದಾಗ ಒಂದು ಸೀಸನ್‌ನಲ್ಲಿ ಹಾಕಿದ್ದು 162.

ಹಳೇ_ಗಾರ್ಡ್
ಕರಿ ಯಾವ ಚೆಂಡಿನಲ್ಲಿ ಹಾಕಿದ? ದೊಡ್ಡ ಚೆಂಡಿನಲ್ಲಿ. ಮುಗಿಯಿತು.

ಬೆಂಚಿನಿಂದ
ದೊಡ್ಡ ಚೆಂಡೇ ಮುಖ್ಯ ಅಂತಾದರೆ ಲಿನೆಟ್ ವುಡರ್ಡ್ ಹೆಸರು ಯಾಕೆ ಎತ್ತುತ್ತಿಲ್ಲ? ಕ್ಯಾನ್ಸಾಸ್‌ನಲ್ಲಿ 1977ರಿಂದ 1981ರವರೆಗೆ 3,649 ಪಾಯಿಂಟ್. ಚಿಕ್ಕ ಚೆಂಡು ಹೆಂಗಸರ ಕಾಲೇಜು ಆಟಕ್ಕೆ ಬಂದದ್ದು 1984ರಲ್ಲಿ. ಅವಳು ಹಾಕಿದ್ದೆಲ್ಲ ಗಂಡಸರ ಚೆಂಡಿನಲ್ಲೇ, ಮೂರು ಪಾಯಿಂಟ್ ಗೆರೆಯೂ ಇಲ್ಲದೆ. ಆಗ ಹೆಂಗಸರ ಆಟ ಎಐಎಡಬ್ಲ್ಯು ಎಂಬ ಬೇರೆ ಸಂಸ್ಥೆಯ ಕೈಯಲ್ಲಿತ್ತು ಅನ್ನುವ ಒಂದೇ ಕಾರಣಕ್ಕೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ತನ್ನ ದಾಖಲೆಪಟ್ಟಿಗೆ ಅವಳನ್ನು ಸೇರಿಸಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ. ಸಣ್ಣ ಕಾಲೇಜುಗಳ ಪರ್ಲ್ ಮೂರ್ ಅವರದ್ದು 4,061. ಅದು ಕ್ಲಾರ್ಕ್‌ಗಿಂತಲೂ ಜಾಸ್ತಿ!

ಹಾಕ್‌ಐ_ಕನ್ನಡಿಗ
4,061ರಲ್ಲಿ 177 ಪಾಯಿಂಟ್ ಜೂನಿಯರ್ ಕಾಲೇಜಿನದು. ಅದನ್ನು ಕಳೆದು ಹೇಳಿ.

ಬೆಂಚಿನಿಂದ
ವುಡರ್ಡ್ ಬಗ್ಗೆ ಅಷ್ಟು ಬರೆದೆ, ನಿಮಗೆ ಕಂಡದ್ದು 177 ಮಾತ್ರ. ಭೇಷ್.

ಹಳೇ_ಗಾರ್ಡ್
ವುಡರ್ಡ್ ದೊಡ್ಡ ಚೆಂಡಿನಲ್ಲಿ ಹಾಕಿದಳು ಅಂದರೆ ಹೆಂಗಸರ ಕೈಗೂ ದೊಡ್ಡ ಚೆಂಡು ಆಗುತ್ತದೆ ಅಂತಾಯಿತು. ಮಂಡ್ಯದವರು ಇದಕ್ಕೆ ಏನು ಹೇಳುತ್ತಾರೆ?

ಮಂಡ್ಯದವಳು
ಆಗುತ್ತದೆ ಅನ್ನುವುದು ಬೇರೆ, ಅದರಲ್ಲೇ ಆಡಿ ಅನ್ನುವುದು ಬೇರೆ. ಹಗ್ಗವಿಲ್ಲದೆ ಒಬ್ಬ ಬೆಟ್ಟ ಹತ್ತಿದ ಅಂತ ಎಲ್ಲರ ಹಗ್ಗ ಕಿತ್ತುಕೊಳ್ಳುತ್ತೀರಾ?

ಲೆಕ್ಕದ_ಮೇಷ್ಟ್ರು
ಚೆಂಡು ಸಾಕು. ಮ್ಯಾರವಿಚ್ ಎನ್‌ಸಿಎಎ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಅವನ ಕಾಲೇಜು ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್) ಅಷ್ಟು ದೂರ ಹೋಗಲೇ ಇಲ್ಲ. ಕ್ಲಾರ್ಕ್ ನಾಲ್ಕೂ ವರ್ಷ ಆಡಿದಳು. 2024ರಲ್ಲಿ ಅದೇ ಎಲ್‌ಎಸ್‌ಯು ಹೆಂಗಸರ ತಂಡದ ಮೇಲೆ 41 ಪಾಯಿಂಟ್, 9 ತ್ರೀ, 12 ಅಸಿಸ್ಟ್. ಮ್ಯಾರವಿಚ್ ಓದಿದ ಕಾಲೇಜಿನ ಮೇಲೇ! ಒತ್ತಡ ಇದ್ದಾಗ ಹಾಕುವವರನ್ನು ತಾನೇ ಸ್ಕೋರರ್ ಅನ್ನುವುದು?

ಹಳೇ_ಗಾರ್ಡ್
"ಒತ್ತಡ" ಅಂದಿರಾ? ಆ ವರ್ಷದ ಫೈನಲ್, ಸೌತ್ ಕ್ಯಾರೊಲೈನಾ. ಮೊದಲ ಕ್ವಾರ್ಟರ್‌ನಲ್ಲಿ 18, ಉಳಿದ ಮೂರರಲ್ಲಿ ಎಲ್ಲ ಸೇರಿ 12. 87-75ಕ್ಕೆ ಸೋಲು. ಹಿಂದಿನ ವರ್ಷದ ಫೈನಲ್‌ನಲ್ಲಿ ಸೋಲಿಸಿದ್ದು ಯಾರು? ನಿಮ್ಮ ಅದೇ ಎಲ್‌ಎಸ್‌ಯು.

ಹಾಕ್‌ಐ_ಕನ್ನಡಿಗ
ಎರಡು ಸಲ ಫೈನಲ್‌ಗೆ ಹೋದವಳನ್ನು ಸೋತಳು ಅಂತೀರಿ, ಟೂರ್ನಿಗೇ ಹೋಗದವನನ್ನು ದೊಡ್ಡವನು ಅಂತೀರಿ. ನಿಮ್ಮ ಜೊತೆ ಮಾತಾಡಿ ಪ್ರಯೋಜನ ಇಲ್ಲ. ಅವಳು ಸೆಂಟರ್‌ನ ಲೋಗೋ ಹತ್ತಿರ ನಿಂತು ಕೈ ಎತ್ತಿದಾಗ ಹದಿನೈದು ಸಾವಿರ ಜನ ಉಸಿರು ಹಿಡಿಯುತ್ತಿದ್ದರು. ಚೆಂಡು ನೆಟ್ಟಿಗೆ ಬೀಳುವ ಮೊದಲೇ ಪಕ್ಕದ ಅಜ್ಜಿ ಎದ್ದು ನಿಂತಿದ್ದರು. ಇಪ್ಪತ್ತೆರಡನೇ ನಂಬರಿನ ಜೆರ್ಸಿ ಹಾಕಿದ್ದ ಅಜ್ಜಿ! ನಾನು ಕಣ್ಣಾರೆ ಕಂಡದ್ದು ಇದು.

ಹಳೇ_ಗಾರ್ಡ್
ಅಜ್ಜಿ ಎದ್ದು ನಿಂತರೆ ಸರಾಸರಿ ಏರುವುದಿಲ್ಲ. 44.2. ಮೂರು ವರ್ಷ ಬಿಡದೆ. ಒಂದು ಸೀಸನ್ 43.8, ಇನ್ನೊಂದು 44.2, ಮತ್ತೊಂದು 44.5. ಅವನ ನಂತರ ಯಾರು ಹಾಗೆ ಹಾಕಿದ್ದಾರೆ, ಒಬ್ಬರ ಹೆಸರು ಹೇಳಿ.

ರಾತ್ರಿ_ಪಾಳಿ
ಪಂಪ್ ತಂದು ಎರಡೂ ಚೆಂಡಿಗೆ ಒಂದೇ ಸಮ ಗಾಳಿ ಹಾಕಿ ಮತ್ತೆ ಅಳೆದೆ. ಸಿಕ್ಸ್ ಎಪ್ಪತ್ತೆರಡೂವರೆಯೇ ಬಂತು. ಸೆವೆನ್ 75.

ಹಳೇ_ಗಾರ್ಡ್
ನಾನು ಮೊದಲೇ ಹೇಳಿದೆ.

ಮಂಡ್ಯದವಳು
ಅಳತೆ ನಾನು ಯಾವಾಗ ಅಲ್ಲಗಳೆದೆ? ಭಾನುವಾರ ಎರಡೂ ಚೆಂಡು ತೆಗೆದುಕೊಂಡು ಕೋರ್ಟಿಗೆ ಹೋಗುತ್ತೇನೆ. ಗೆರೆಯ ಹಿಂದಿನಿಂದ ಸಿಕ್ಸ್‌ನಲ್ಲಿ ಐವತ್ತು, ಸೆವೆನ್‌ನಲ್ಲಿ ಐವತ್ತು. ಎಷ್ಟು ಬಿತ್ತು ಅಂತ ಇಲ್ಲೇ ಬರೆಯುತ್ತೇನೆ. ನೀವೂ ಹಾಕಿ ಬರೆಯಿರಿ, ಸರ್.

ಹಳೇ_ಗಾರ್ಡ್
ಐವತ್ತು ಸಾಲದು, ನೂರು ಹಾಕಿ. ನಿಂತಲ್ಲಿಂದ ಅಲ್ಲ, ಡ್ರಿಬಲ್ ಮಾಡಿಕೊಂಡು ಬಂದು. ಗಾಳಿ ಎಷ್ಟಿದೆ ಅಂತ ಮೊದಲೇ ನೋಡಿಕೊಳ್ಳಿ.